ಆ್ಯಪ್ ಇಳಿಸಿಕೊಂಡವರನ್ನಲ್ಲ, ಎರಡನೇ ಮದ್ದಿಗೆ ಮರಳಿದವರನ್ನು ಎಣಿಸಿ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು. ಕೆಲವು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ಮರಳಿ, ಚಿಕ್ಕಪ್ಪನ ಮಗನ ಜೊತೆ ಒಂದು ನವೋದ್ಯಮ ಆರಂಭಿಸಿದ್ದೇನೆ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯಲು ಮತ್ತು ಕೊನೆ (ಅಡಿಕೆ ಗೊನೆ) ಕೊಯ್ಯಲು ಮೊಬೈಲ್ ಆ್ಯಪ್ ಮೂಲಕ ಕೊನೆಗೌಡರನ್ನು, ಅಂದರೆ ಮರ ಹತ್ತುವ ನುರಿತ ಕೆಲಸಗಾರರನ್ನು, ಗೊತ್ತುಮಾಡಿಕೊಡುವುದು ನಮ್ಮ ಕೆಲಸ. ಕಳೆದ ಮಳೆಗಾಲದಲ್ಲಿ 140 ಮನೆಗಳು, ಈ ಮಳೆಗಾಲದಲ್ಲಿ 310 ಮನೆಗಳು ನಮ್ಮ ಮೂಲಕ ಮೊದಲ ಮದ್ದು ಹೊಡೆಸಿವೆ. ಆ್ಯಪ್ ಇಳಿಸಿಕೊಂಡವರು 3,800 ದಾಟಿದ್ದಾರೆ. ಆದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ತಿಂಗಳಿಗೆ ಎಷ್ಟು ಜನ ಆ್ಯಪ್ ತೆರೆಯುತ್ತಾರೆ ಎಂದು ಹೂಡಿಕೆದಾರರೊಬ್ಬರು ಪದೇ ಪದೇ ಕೇಳುತ್ತಾರೆ. ಆ ಅಂಕಿ ಸೆಪ್ಟೆಂಬರ್‌ನಲ್ಲಿ ನೆಲಕಚ್ಚಿದೆ. ಕುಮಟಾ, ಹೊನ್ನಾವರದ ತೆಂಗಿನ ತೋಟಗಳಿಗೂ ವಿಸ್ತರಿಸಿ ಎಂದು ಇನ್ನೊಬ್ಬರ ಸಲಹೆ. ನಾವು ನಿಜಕ್ಕೂ ಮುಂದೆ ಹೋಗುತ್ತಿದ್ದೇವೆಯೇ ಎಂದು ತಿಳಿಯುವುದು ಹೇಗೆ? ಎರಡು ವರ್ಷದ ಬುಕಿಂಗ್ ಪಟ್ಟಿಯನ್ನು ಲಗತ್ತಿಸಿದ್ದೇನೆ. ನಮ್ಮಲ್ಲಿ ಹೆಸರು ಬರೆಸಿದ ಕೊನೆಗೌಡರು 64 ಮಂದಿ. ಕಳೆದ ಒಂದು ವರ್ಷದಲ್ಲಿ ಆ್ಯಪ್‌ಗೆ ನಕ್ಷೆ ಸೇರಿಸಿದ್ದೇವೆ, ಕೊನೆಗೌಡರಿಗೆ ನಕ್ಷತ್ರ ಕೊಡುವ ವ್ಯವಸ್ಥೆ ತಂದಿದ್ದೇವೆ, ಮುಖಪುಟ ಬದಲಿಸಿದ್ದೇವೆ.

ಉತ್ತರ: ಪಟ್ಟಿಯನ್ನು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಪತ್ರದ ಅಂಕಿಗಳು ಮಾತ್ರ ಎದುರಿಗಿದ್ದರೆ ಯಾರಾದರೂ ನಿಮ್ಮ ಬೆನ್ನು ತಟ್ಟಿ ಕಳಿಸುತ್ತಿದ್ದರು. 140ರಿಂದ 310ಕ್ಕೆ ಏರುವುದೆಂದರೆ ದುಪ್ಪಟ್ಟಿಗೂ ಮಿಕ್ಕಿದ ಬೆಳವಣಿಗೆ. ಆದರೆ ನಿಮ್ಮ ಪಟ್ಟಿಯನ್ನು ತಾರೀಖಿನ ಬದಲು ಮನೆಗಳ ಪ್ರಕಾರ ಜೋಡಿಸಿ ನೋಡಿದಾಗ ಬೇರೆಯೇ ಸಂಗತಿ ಕಾಣಿಸುತ್ತದೆ. ಕಳೆದ ವರ್ಷದ 140 ಮನೆಗಳಲ್ಲಿ ಈ ವರ್ಷ ನಿಮ್ಮಲ್ಲಿಗೆ ಮರಳಿದ್ದು 29 ಮಾತ್ರ. 111 ಮನೆಗಳು ನಿಮ್ಮನ್ನು ಬಿಟ್ಟುಹೋಗಿವೆ. ಈ ವರ್ಷದ 310ರಲ್ಲಿ 281 ಮನೆಗಳು ಹೊಸವು. ಆ 310ರಲ್ಲಿ ಎರಡನೇ ಮದ್ದಿಗೂ ನಿಮ್ಮನ್ನೇ ಕರೆದವರು 96 ಮನೆಯವರು.

ಎರಡನೇ ಮದ್ದು ಬೆಳೆಗಾರರು ಮನಸ್ಸಿದ್ದರೆ ಹೊಡೆಸಿ ಇಲ್ಲದಿದ್ದರೆ ಬಿಡುವ ಕೆಲಸವಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಮಳೆಹನಿಯ ಜೊತೆ ಸಿಡಿದು ಕೊನೆಯಿಂದ ಕೊನೆಗೆ ಹಬ್ಬುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, 40–45 ದಿನ ಕಳೆದು ಮತ್ತೊಂದು ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬೀಳಲೇಬೇಕು. ಮಳೆ ಎಳೆದರೆ ಮೂರನೆಯದೂ ಬೇಕು. ಹಾಗಾದರೆ ಉಳಿದ 214 ಮನೆಗಳಲ್ಲಿ ಬಹುತೇಕರು ಎರಡನೇ ಮದ್ದು ಹೊಡೆಸಿಯೇ ಇರುತ್ತಾರೆ. ಹೊಡೆಸಿದ್ದು ನಿಮ್ಮ ಮೂಲಕ ಅಲ್ಲ, ಅಷ್ಟೆ.

ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಮುಂದೆ ಹೋಗಿರುವುದು ನಿಮ್ಮ ಪ್ರಚಾರ. ಉದ್ಯಮ ಕಳೆದ ವರ್ಷ ಇದ್ದಲ್ಲೇ ಇದೆ. ಇದಕ್ಕೆ ಎದೆಗುಂದಬೇಕಾಗಿಲ್ಲ. ಒಮ್ಮೆಯಾದರೂ ದುಡ್ಡು ಕೊಟ್ಟು ನಿಮ್ಮನ್ನು ಪರೀಕ್ಷಿಸಿ ನೋಡಿದ ನಾಲ್ಕುನೂರಕ್ಕೂ ಹೆಚ್ಚು ಮನೆಗಳ ವಿಳಾಸ ನಿಮ್ಮ ಕೈಯಲ್ಲಿದೆ. ಅವರು ಏಕೆ ಹೋದರು ಎಂಬ ಉತ್ತರ ಅವರವರ ಮನೆಯಲ್ಲೇ ಇದೆ, ಹೋಗಿ ಕೇಳಬಹುದಾದಷ್ಟು ಹತ್ತಿರ.

ಹಸಿ ಅಡಿಕೆಯ ಬುಟ್ಟಿ ತೂಗಿ ವರ್ಷದ ಆದಾಯ ಲೆಕ್ಕ ಹಾಕುವ ಬೆಳೆಗಾರ ನಮ್ಮ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಟೆಂಡರಿಗೆ ಇಟ್ಟಾಗ ಮುಳ್ಳು ತೋರಿಸುವ ತೂಕವೇ ತೂಕ. ಡೌನ್‌ಲೋಡ್, ನೋಂದಣಿ, ಪತ್ರಿಕೆಯಲ್ಲಿ ಬಂದ ಲೇಖನ, ಮೇಳದಲ್ಲಿ ಸಿಕ್ಕ ಪ್ರಶಸ್ತಿ ಎಲ್ಲವೂ ಹಸಿ ತೂಕ. ಒಂದು ಅಂಕಿ ಹಸಿಯೋ ಒಣಗಿದ್ದೋ ಎಂದು ತಿಳಿಯಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ಅಂಕಿ ಎಂದಾದರೂ ಇಳಿಯಬಲ್ಲದೇ? ನಿಮ್ಮ 3,800 ಮುಂದಿನ ವರ್ಷ 3,700 ಆಗಲು ಸಾಧ್ಯವೇ ಇಲ್ಲ. ನೀವು ಬಾಗಿಲು ಹಾಕಿದರೂ ಅದು ಅಷ್ಟೇ ಇರುತ್ತದೆ. ಕೆಲಸ ಕೆಟ್ಟಾಗ ಇಳಿಯದ ಅಂಕಿ, ಕೆಲಸ ಸುಧಾರಿಸಿದಾಗಲೂ ಏನನ್ನೂ ಹೇಳಲಾರದು. ಎರಡನೆಯ ಪ್ರಶ್ನೆ: ಈ ಅಂಕಿ ಅರ್ಧವಾದರೆ ನಾಳೆ ಬೆಳಿಗ್ಗೆ ನೀವು ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತೀರಿ? ಉತ್ತರ ಹೊಳೆಯದಿದ್ದರೆ ಅದನ್ನು ಅಳೆಯುವ ಶ್ರಮವೂ ಬೇಡ.

ತಿಂಗಳಿಗೆ ಎಷ್ಟು ಜನ ಆ್ಯಪ್ ತೆರೆಯುತ್ತಾರೆ ಎಂಬ ಅಳತೆ ಬಂದದ್ದು ದಿನವೂ ಬಳಸುವ ಸಾಮಗ್ರಿಗಳಿಂದ. ಹಾಡು ಕೇಳುವ, ಹಣ ಕಳಿಸುವ, ಸಂದೇಶ ಕಳಿಸುವ ಆ್ಯಪ್‌ಗಳಿಗೆ ಅದು ಸರಿ. ಮದ್ದಿನ ಕೆಲಸ ಮುಗಿದು ಕೊಯ್ಲು ಇನ್ನೂ ಶುರುವಾಗದ ಸೆಪ್ಟೆಂಬರ್‌ನಲ್ಲಿ ಕೊನೆಗೌಡರನ್ನು ಹುಡುಕುವವರು ಯಾರು? ಆ ತಿಂಗಳು ಅಂಕಿ ಮೇಲಿದ್ದಿದ್ದರೆ ನನಗೆ ಅನುಮಾನ ಬರುತ್ತಿತ್ತು. ನಿಮ್ಮ ಉದ್ಯಮದ ಪಂಚಾಂಗವನ್ನು ಅಡಿಕೆ ಮರ ಬರೆದಿದೆ: ಮೊದಲ ಮದ್ದು, ಎರಡನೇ ಮದ್ದು, ಕೊಯ್ಲಿನ ಎರಡು ಮೂರು ಸುತ್ತು, ಮತ್ತೆ ಮೊದಲ ಮದ್ದು. ಗ್ರಾಹಕರು ಮರಳಿದರೋ ಇಲ್ಲವೋ ಎಂದು ನೋಡಬೇಕಾದದ್ದು ಈ ನಿಲ್ದಾಣಗಳಲ್ಲಿ.

ಹೀಗೆ ಮಾಡಿ. ಮನೆಗಳನ್ನು ಅವು ಮೊದಲು ಬಂದ ಮಳೆಗಾಲದ ಪ್ರಕಾರ ಗುಂಪು ಮಾಡಿ. ಕಳೆದ ವರ್ಷದವರು ಒಂದು ಗುಂಪು, ಈ ವರ್ಷದ ಹೊಸಬರು ಇನ್ನೊಂದು. ಪ್ರತಿ ಗುಂಪಿನ ಎದುರು ಎರಡನೇ ಮದ್ದು, ಕೊಯ್ಲು, ಮರುವರ್ಷದ ಮೊದಲ ಮದ್ದು ಎಂದು ಮೂರು ಕಾಲಂ ಹಾಕಿ, ಎಷ್ಟು ಮನೆ ಉಳಿದವು ಎಂದು ಬರೆಯಿರಿ. ಒಟ್ಟು ಮೊತ್ತ ಬೇಡ. ಹೊಸಬರ ಗದ್ದಲದಲ್ಲಿ ಹಳಬರ ನಿರ್ಗಮನ ಮುಚ್ಚಿಹೋಗುವುದು ಒಟ್ಟು ಮೊತ್ತದಲ್ಲಿಯೇ. ನಿಮ್ಮ ಪಟ್ಟಿಯಿಂದ ಎರಡೂ ಮಳೆಗಾಲಗಳ ಮೊದಲ ಕಾಲಂ ತುಂಬಿ ನೋಡಿದೆ (ಈ ವರ್ಷದ ಅಂಕಿಯಲ್ಲಿ ಮರಳಿದ 29 ಮನೆಗಳೂ ಸೇರಿವೆ). ಕಳೆದ ವರ್ಷ ಮೊದಲ ಮದ್ದಿಗೆ ಬಂದ 140ರಲ್ಲಿ ಎರಡನೆಯದಕ್ಕೂ ಉಳಿದವರು 45, ಅಂದರೆ ಶೇ 32. ಈ ವರ್ಷ 310ರಲ್ಲಿ 96, ಅಂದರೆ ಶೇ 31. ನಡುವಿನ ಒಂದು ವರ್ಷದಲ್ಲಿ ನೀವು ಆ್ಯಪ್‌ಗೆ ನಕ್ಷೆ ಸೇರಿಸಿದಿರಿ, ಕೊನೆಗೌಡರಿಗೆ ನಕ್ಷತ್ರ ಕೊಡುವ ವ್ಯವಸ್ಥೆ ತಂದಿರಿ, ಮುಖಪುಟ ಬದಲಿಸಿದಿರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಯಾವುದೂ ಈ ಅಂಕಿಯನ್ನು ಅಲುಗಿಸಿಲ್ಲ. ನನ್ನ ಮಟ್ಟಿಗೆ ನೀವು ಕಳಿಸಿದ ಇಡೀ ಹಾಳೆಯಲ್ಲಿ ಅತ್ಯಂತ ಬೆಲೆಬಾಳುವ ಮಾಹಿತಿ ಇದು. ಕೊರತೆ ಆ್ಯಪ್‌ನ ಒಳಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತಿದೆ.

ಮರಳಿ ಬರುವುದನ್ನೇ ನಾನು ಇಷ್ಟು ಒತ್ತಿ ಹೇಳಲು ಮದ್ದಿನ ಚರಿತ್ರೆಯಲ್ಲೇ ಕಾರಣವಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ಮೂಲದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಮಳೆಗಾಲಕ್ಕೆ ಮುನ್ನ ಕೊನೆಗಳಿಗೆ ಕೊಟ್ಟೆ (ಮಳೆನೀರು ತಾಗದಂತೆ ಹೊದಿಕೆ) ಕಟ್ಟಿ ಕಾಪಾಡುವುದು ರೂಢಿಯಲ್ಲಿದ್ದ ಕಾಲ ಅದು. ಆ ಮದ್ದು ಗೆದ್ದಿತು ಎಂದು ನಾವು ಹೇಳುವುದು ಅಂದು ಎಷ್ಟು ಪ್ರಾತ್ಯಕ್ಷಿಕೆ ನಡೆದವು, ಎಷ್ಟು ಜನ ಸೇರಿ ನೋಡಿದರು ಎಂಬುದರಿಂದಲ್ಲ. ನೂರು ವರ್ಷ ಕಳೆದ ಮೇಲೂ ಬೆಳೆಗಾರರು ಪ್ರತಿ ಮೇ ತಿಂಗಳಲ್ಲಿ ಯಾರೂ ಹೇಳದೆ, ತಮ್ಮ ದುಡ್ಡಿನಲ್ಲೇ ಮೈಲುತುತ್ತ ಕೊಂಡು ತರುತ್ತಾರಲ್ಲ, ಅದರಿಂದ.

ಈಗ ಬಿಟ್ಟುಹೋದ 111 ಮನೆಗಳ ವಿಚಾರ. ಗೂಗಲ್ ಫಾರ್ಮ್ ಕಳಿಸಬೇಡಿ. ದೂರವಾಣಿ ಮಾಡಲು ಹುಡುಗರನ್ನೂ ನೇಮಿಸಬೇಡಿ. ಇಪ್ಪತ್ತು ಮನೆ ಆರಿಸಿ, ನೀವೇ ಹೋಗಿ. ಅಮೆರಿಕದ ಸ್ಟಾರ್ಟ್‌ಅಪ್ ವಲಯದಲ್ಲಿ ಶಾನ್ ಎಲ್ಲಿಸ್ ಪ್ರಚಾರಕ್ಕೆ ತಂದ ಪ್ರಶ್ನೆಯೊಂದಿದೆ: ಈ ಸೇವೆ ನಾಳೆಯಿಂದ ಇಲ್ಲವಾದರೆ ನಿಮಗೆ ಎಷ್ಟು ಬೇಸರವಾಗುತ್ತದೆ? ಬಹಳ ಬೇಸರವಾಗುತ್ತದೆ ಎನ್ನುವವರು ಶೇ 40 ದಾಟಿದರೆ ಹಾದಿ ಸರಿಯಿದೆ ಎಂದು ಅಲ್ಲಿ ತಿಳಿಯುತ್ತಾರೆ. ನಮ್ಮ ಜಗಲಿಯಲ್ಲಿ ಈ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಊರಿನ ಮಗಳು. ನಿಮ್ಮ ತಂದೆಯ ಪರಿಚಯ ಅವರಿಗಿರುತ್ತದೆ. ಕವಳದ (ಎಲೆಯಡಿಕೆಯ) ಬಟ್ಟಲು ಮುಂದಿಟ್ಟು, ಕುಡಿಯಲು ಆಸರಿಗೆ ಕೊಟ್ಟು, “ಅಡ್ಡಿಲ್ಲ, ಒಳ್ಳೆಯ ಕೆಲಸ ಮಾಡುತ್ತಿದ್ದೀರಿ, ಮುಂದುವರಿಸಿ” ಎನ್ನುತ್ತಾರೆ. ಅದು ಸುಳ್ಳಲ್ಲ, ಸೌಜನ್ಯ. ಆದರೆ ಅದರಿಂದ ನಿಮಗೆ ತಿಳಿಯುವುದು ಏನೂ ಇಲ್ಲ.

ಅಭಿಪ್ರಾಯ ಕೇಳದೆ ನಡೆದದ್ದನ್ನು ಕೇಳಿ. ಮುಂದೆ ಏನು ಮಾಡುತ್ತೀರಿ ಎಂದು ಕೇಳದೆ ಹೋದ ಜೂನ್‌ನಲ್ಲಿ ಏನು ಮಾಡಿದಿರಿ ಎಂದು ಕೇಳಿ. “ಈ ವರ್ಷ ಮೊದಲ ಮದ್ದು ಯಾವತ್ತು ಹೊಡೆಸಿದಿರಿ? ಯಾರು ಹತ್ತಿದರು? ಅವರನ್ನು ಕರೆಯಲು ಎಷ್ಟು ಸಲ ಫೋನು ಮಾಡಬೇಕಾಯಿತು? ಅವರು ಬಾರದಿದ್ದರೆ ಇನ್ಯಾರನ್ನು ಕೇಳುತ್ತಿದ್ದಿರಿ?” ನಮ್ಮ ಕಡೆಯ ಬಹಳಷ್ಟು ಬೆಳೆಗಾರರು ಆಳಿನ ಲೆಕ್ಕವನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆದಿಡುತ್ತಾರೆ. ಸಂಕೋಚವಿಲ್ಲದೆ ಅದನ್ನು ತೆಗೆಸಿ, ಜೊತೆಗೆ ಕುಳಿತು ನೋಡಿ. ಮರೆತುಹೋದದ್ದು, ಸೌಜನ್ಯಕ್ಕೆ ಮುಚ್ಚಿಟ್ಟದ್ದು ಎರಡೂ ಅಲ್ಲಿ ಸಿಗುತ್ತವೆ. “ನಿಮ್ಮ ಆ್ಯಪ್‌ನಲ್ಲಿ ಬಂದ ಗೌಡರ ನಂಬರನ್ನೇ ಇಟ್ಟುಕೊಂಡಿದ್ದೆ, ಈ ಸಲ ನೇರವಾಗಿ ಕರೆದೆ” ಎಂಬ ಮಾತು ಬಂದಾಗ ಮುಖ ಬಾಡಿಸಿಕೊಳ್ಳಬೇಡಿ, ಸಮರ್ಥನೆಗೂ ಇಳಿಯಬೇಡಿ. “ನೇರವಾಗಿ ಕರೆದಾಗ ಹೇಳಿದ ದಿನಕ್ಕೆ ಬಂದರೇ?” ಎಂದು ಮುಂದಿನ ಪ್ರಶ್ನೆ ಕೇಳಿ. ಆ್ಯಪ್ ಹೇಗೆ ಬಳಸಬೇಕೆಂದು ಅವರಿಗೆ ಕಲಿಸಲು ಕುಳಿತರೆ ನೀವು ಕಲಿಯುವುದು ಅಲ್ಲಿಗೇ ನಿಂತಿತು.

ಹೀಗೆ ಹೋದಾಗ ನಾಲ್ಕು ಬಗೆಯ ಉತ್ತರ ಸಿಗಬಹುದು ಎಂದು ನನ್ನ ಊಹೆ. ಕೆಲವರು ತೋಟವನ್ನು ಫಸಲು ಗುತ್ತಿಗೆಗೆ ಕೊಟ್ಟಿರುತ್ತಾರೆ, ಇಲ್ಲವೇ ಕಾರ್ಬನ್ ಫೈಬರ್ ದೋಟಿ ಕೊಂಡು ನೆಲದ ಮೇಲಿನಿಂದಲೇ ಮದ್ದು ಹೊಡೆಸುತ್ತಿರುತ್ತಾರೆ. ಅವರು ನಿಮ್ಮನ್ನು ಬಿಟ್ಟದ್ದಲ್ಲ, ಅವರಿಗೆ ಈ ಕೆಲಸದ ಅಗತ್ಯವೇ ತಪ್ಪಿದೆ. ಆದರೆ ದೋಟಿ ಎಷ್ಟು ಮನೆಗೆ ಬಂದಿದೆ ಎಂಬುದನ್ನು ಎಣಿಸಿಡಿ, ನಿಮ್ಮ ನಿಜವಾದ ಎದುರಾಳಿ ಬೇರೆ ಆ್ಯಪ್ ಆಗಿರದೆ ಆ ಉದ್ದನೆಯ ಕೋಲೇ ಆಗಿರಬಹುದು. ಕೆಲವರು ದರ ಹೆಚ್ಚಾಯಿತು ಎನ್ನುತ್ತಾರೆ. ಇದನ್ನು ಅಷ್ಟು ಸುಲಭವಾಗಿ ನಂಬಬೇಡಿ, ಇನ್ನೊಂದು ಕಾರಣ ಹೇಳಲು ಸಂಕೋಚವಾದಾಗಲೂ ಜನ ದರದ ಮಾತನ್ನೇ ಎತ್ತುತ್ತಾರೆ. ಉಳಿದ ಎರಡು ಉತ್ತರಗಳಲ್ಲಿ ನಿಮ್ಮ ಭವಿಷ್ಯವೇ ಇದೆ: ಒಂದು, ಕೊನೆಗೌಡರು ಹೇಳಿದ ದಿನ ಬರಲಿಲ್ಲ, ಇನ್ನೊಂದು, ನಂಬರು ಸಿಕ್ಕ ಮೇಲೆ ನಿಮ್ಮ ಅಗತ್ಯ ಉಳಿಯಲಿಲ್ಲ.

ಬರಲಿಲ್ಲ ಎಂಬುದರ ಭಾರ ಎಷ್ಟೆಂದು ಬೆಂಗಳೂರಿನ ಹೂಡಿಕೆದಾರರಿಗೆ ತಿಳಿಯದಿರಬಹುದು, ನಿಮಗೆ ತಿಳಿಯದೆ ಇರಬಾರದು. ಮದ್ದಿನ ಹಿಂದಿನ ಸಂಜೆಯೇ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಇಳಿಬಿಟ್ಟಿರುತ್ತಾರೆ, ಸುಣ್ಣವನ್ನು ಬೇರೆಯಾಗಿ ಅರಳಿಸಿರುತ್ತಾರೆ. 100 ಲೀಟರ್ ನೀರಿಗೆ ತಲಾ ಒಂದು ಕಿಲೋ. ಎರಡನ್ನೂ ಬೆರೆಸಿದ ಮೇಲೆ ಆ ದ್ರಾವಣ ಅದೇ ದಿನ ಕೊನೆಗೆ ಬೀಳಬೇಕು, ಮರುದಿನಕ್ಕೆ ಇಟ್ಟರೆ ಗುಣ ಉಳಿಯುವುದಿಲ್ಲ. ಪಂಪು ನೋಡಿಕೊಳ್ಳುವವರು ಬಂದಾಗಿದೆ, ಪೈಪು ಎಳೆಯುವವರಿಗೆ ತಿಂಡಿಯಾಗಿದೆ, ವಾರವಿಡೀ ಸುರಿದ ಮಳೆ ಬಿಟ್ಟು ಹೊಳವಾಗಿದೆ. ಎಂಟೂವರೆ ಆದರೂ ಕೊನೆಗೌಡರ ಸುಳಿವಿಲ್ಲ, ಫೋನು ಸ್ವಿಚ್ ಆಫ್. ಆ ಮನೆ ಆ ದಿನ ಕಳೆದುಕೊಂಡದ್ದು ಒಬ್ಬರ ಕೂಲಿಯನ್ನಲ್ಲ. ಮೂರು ಆಳಿನ ದಿನ, ಕಲಸಿದ ಮದ್ದು, ಮತ್ತೆ ಯಾವಾಗ ಸಿಗುತ್ತದೋ ತಿಳಿಯದ ಒಂದು ಹೊಳವು. ಅಂಥವರು ಎರಡನೇ ಮದ್ದಿಗೆ ನಿಮ್ಮನ್ನು ಕರೆಯುತ್ತಾರೆಯೇ?

ನಿಮ್ಮ ಪಟ್ಟಿಯಲ್ಲಿ ಬುಕಿಂಗ್ ಮಾಡಿದ ತಾರೀಖಿದೆ, ಎಕರೆ ಇದೆ, ಮರದ ಸಂಖ್ಯೆ ಇದೆ, ಪಾವತಿ ಇದೆ. ಗೊತ್ತುಮಾಡಿದ ದಿನ ಕೊನೆಗೌಡರು ಬಂದರೋ ಇಲ್ಲವೋ, ಎಷ್ಟು ಹೊತ್ತಿಗೆ ಬಂದರು ಎಂಬ ಕಾಲಂ ಇಲ್ಲ. ಕೆಲಸ ಮುಗಿದ ದಿನವನ್ನು ಬುಕಿಂಗ್ ಪೂರ್ಣ ಎಂದು ಬರೆದಿದ್ದೀರಿ, ಅದು ಗೊತ್ತುಮಾಡಿದ ದಿನಕ್ಕಿಂತ ಐದು ದಿನ ತಡವಾಗಿದ್ದರೂ ಪೂರ್ಣವೇ. ಇಂದೇ ಆ ಕಾಲಂ ಸೇರಿಸಿ. ನಿಮ್ಮ ಉದ್ಯಮವನ್ನು ಒಂದೇ ಅಂಕಿಯಿಂದ ಅಳೆಯಬೇಕಾಗಿ ಬಂದರೆ ನಾನು ಆರಿಸುವುದು ಇದನ್ನು: ನೂರು ಬುಕಿಂಗ್‌ಗಳಲ್ಲಿ ಎಷ್ಟು ಸಲ ಹೇಳಿದ ದಿನ, ಹೇಳಿದ ಹೊತ್ತಿಗೆ ಜನ ತೋಟದಲ್ಲಿದ್ದರು. ಮರಳುವ ಮನೆಗಳ ಲೆಕ್ಕ ಸಿಗಲು ವರ್ಷ ಬೇಕು, ಇದು ಆಯಾ ಸಂಜೆಯೇ ಸಿಗುತ್ತದೆ.

ಇಲ್ಲಿಯೇ ನಿಮ್ಮ ಬೆಳವಣಿಗೆ ನಿಮಗೇ ಮುಳುವಾಗಿದೆಯೇ ಎಂದು ನೋಡಬೇಕು. ಹೊಳವಾದ ದಿನ ತಾಲೂಕಿನ ಎಲ್ಲ ತೋಟದವರೂ ಒಟ್ಟಿಗೇ ಕರೆಯುತ್ತಾರೆ. ನಿಮ್ಮಲ್ಲಿ ಹೆಸರು ಬರೆಸಿದ ಕೊನೆಗೌಡರು 64 ಮಂದಿ. ಅವರಲ್ಲಿ ಹೆಚ್ಚಿನವರಿಗೆ ವರ್ಷವೂ ಹೋಗುವ ಮನೆಗಳಿರುತ್ತವೆ, ಅಲ್ಲಿಯ ಕರೆಯನ್ನು ಅವರು ಮೀರುವುದಿಲ್ಲ, ಮೀರಬೇಕೆಂದು ನಾವು ಬಯಸುವುದೂ ತಪ್ಪು. ಮನೆಗಳು ದುಪ್ಪಟ್ಟಾದವು, ಕೊನೆಗೌಡರು ಅಷ್ಟೇ ಇದ್ದರು. ಅಂದಮೇಲೆ ಪ್ರತಿ ಹೊಸ ಮನೆಯ ಜೊತೆಗೆ ಮಾತು ತಪ್ಪುವ ಸಾಧ್ಯತೆಯೂ ಹೆಚ್ಚುತ್ತಾ ಹೋಗಿರಬೇಕು.

ಕೊನೆಗೌಡರೂ ನಿಮ್ಮ ಗ್ರಾಹಕರೇ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲಿದೆ, ಅದೂ ಸಂಖ್ಯೆ. ಒಂದು ಮರದಿಂದ ಇನ್ನೊಂದು ಮರಕ್ಕೆ ನೆಲ ಮುಟ್ಟದೆ ದಾಟುವ, ಮಳೆಗೆ ಜಾರುವ ಮರದ ತುದಿಯಲ್ಲಿ ಜೀವ ಇಟ್ಟು ದುಡಿಯುವ ಆ ಮನುಷ್ಯರ ಕಡೆಯಿಂದ ನಿಮ್ಮ ಸೇವೆಯನ್ನು ನೋಡಿ. ನಿಮ್ಮ ಮೂಲಕ ಹೋದರೆ ಅಪರಿಚಿತ ತೋಟ, ದೂರದ ದಾರಿ, ಬೈಕಿನ ಪೆಟ್ರೋಲು. ಮರದ ಲೆಕ್ಕವೋ ದಿನಗೂಲಿಯೋ ಎಂಬ ಚರ್ಚೆ ಪ್ರತಿ ಸಲ ಹೊಸತಾಗಿ. ಇದಕ್ಕೆಲ್ಲ ಬದಲಾಗಿ ಅವರಿಗೆ ಏನು ಸಿಗುತ್ತಿದೆ? ಪ್ರತಿ ಕೊನೆಗೌಡರಿಗೆ ತಿಂಗಳಿಗೆ ನಿಮ್ಮಿಂದ ಎಷ್ಟು ದಿನದ ಕೆಲಸ ಸಿಕ್ಕಿತು, ಕಳೆದ ವರ್ಷದವರಲ್ಲಿ ಈ ವರ್ಷ ಎಷ್ಟು ಮಂದಿ ನಿಮ್ಮ ಕರೆ ಎತ್ತಿದರು ಎಂದು ಅವರಿಗೂ ಅದೇ ಗುಂಪಿನ ಲೆಕ್ಕ ಹಾಕಿ. ಅವರ ಮನೆಗೂ ಹೋಗಿ. ಅಪಘಾತ ವಿಮೆಯೋ, ಮದ್ದಿಲ್ಲದ ತಿಂಗಳುಗಳಲ್ಲಿ ಕೆಲಸವೋ, ಅಂದಿನ ದುಡ್ಡು ಅಂದೇ ಕೈಗೆ ಬರುವುದೋ, ಅವರಿಗೆ ಯಾವುದು ಮುಖ್ಯ ಎಂದು ಊಹಿಸಲು ನನಗೂ ಅಧಿಕಾರವಿಲ್ಲ, ನಿಮಗೂ ಇಲ್ಲ. ಅವರೇ ಹೇಳಬೇಕು.

ನಂಬರು ಇಟ್ಟುಕೊಂಡು ನೇರವಾಗಿ ಕರೆಯುವವರ ವಿಷಯ. ನಂಬರು ಮುಚ್ಚಿಡುವ ಉಪಾಯಕ್ಕೆ ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇಡೀ ದಿನ ಒಂದೇ ತೋಟದಲ್ಲಿ ಕೆಲಸ ಮಾಡುವ ಇಬ್ಬರು ಪರಸ್ಪರ ಫೋನ್ ನಂಬರು ಕೊಟ್ಟುಕೊಳ್ಳದಂತೆ ತಡೆಯುವ ತಂತ್ರಜ್ಞಾನ ಇಲ್ಲ, ಇರಲೂಬಾರದು. ಅವರು ನಿಮ್ಮಿಂದ ಪಡೆದದ್ದು ಪರಿಚಯ ಮಾತ್ರ. ಪರಿಚಯವನ್ನು ಯಾರೂ ಎರಡು ಸಲ ಕೊಳ್ಳುವುದಿಲ್ಲ. ನೇರ ಕರೆಯಲ್ಲಿ ಸಿಗದ ಏನನ್ನು ನೀವು ಕೊಡಬಲ್ಲಿರಿ ಎಂಬುದು ಪ್ರಶ್ನೆ. ಒಬ್ಬರು ಬಾರದಿದ್ದರೆ ಅದೇ ಬೆಳಿಗ್ಗೆ ಇನ್ನೊಬ್ಬರನ್ನು ಕಳಿಸುವ ಖಾತರಿ ಒಂದು. ಪಂಪು, ಪೈಪಿನ ಜನ, ಕೊನೆಗೌಡರು ಎಲ್ಲ ಸೇರಿ ಒಂದು ತಂಡವಾಗಿ ಬರುವುದು ಇನ್ನೊಂದು. ಶಿರಸಿಯ ಬೆಳೆಗಾರರಿಗೆ ಖಾತರಿಗೆ ಬೆಲೆ ಕೊಟ್ಟು ರೂಢಿಯಿದೆ; 1923ರಲ್ಲಿ ಹುಟ್ಟಿದ, ಬೆಳೆಗಾರರ ಸಹಕಾರಿ ಮಾರಾಟ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ಇಷ್ಟು ವರ್ಷ ಬಾಳಿದ್ದು ಅಲ್ಲಿಯ ತೂಕ ಮತ್ತು ಟೆಂಡರಿನ ಮೇಲೆ ಬೆಳೆಗಾರರು ಇಟ್ಟ ನಂಬಿಕೆಯಿಂದ. ಆದರೆ ನಿಮ್ಮ ಖಾತರಿಗೆ ಅವರು ದುಡ್ಡು ಕೊಡುತ್ತಾರೆಯೇ ಎಂಬುದು ಇನ್ನೂ ಊಹೆ. ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು.

ಕೊಯ್ಲು ಎದುರಿಗಿರುವುದು ನಿಮ್ಮ ಅದೃಷ್ಟ. ಒಂದು ಮಳೆಗಾಲದಲ್ಲಿ ಸಿಗುವುದು ಒಂದೇ ಪಾಠ, ತಪ್ಪಿದರೆ ವರ್ಷ ಕಾಯಬೇಕು. ಕೊಯ್ಲಿನಲ್ಲಿ ಹಾಗಲ್ಲ. ಒಂದೇ ತೋಟಕ್ಕೆ ಎರಡು ಮೂರು ಸುತ್ತು ಹತ್ತಬೇಕು, ಆದ್ದರಿಂದ ಮೊದಲ ಸುತ್ತಿನಲ್ಲಿ ಮಾಡಿದ ಬದಲಾವಣೆಯ ಫಲ ಎರಡನೇ ಸುತ್ತಿನಲ್ಲೇ ಕಾಣುತ್ತದೆ. ನಿಮ್ಮ ಊರಿನ ಸುತ್ತಲಿನ ಮೂವತ್ತು ಮನೆಗಳಿಗೆ ಮಾತ್ರ ಖಾತರಿ ಕೊಡಿ: ಎಂಟು ಗಂಟೆಗೆ ಜನ ಬಾರದಿದ್ದರೆ ಹತ್ತರೊಳಗೆ ಬದಲಿ ಜನ, ಅದೂ ಆಗದಿದ್ದರೆ ಬಂದ ಆಳುಗಳ ಅಂದಿನ ಕೂಲಿ ನಮ್ಮದು. ಇದಕ್ಕಾಗಿ ಇಬ್ಬರು ಕೊನೆಗೌಡರನ್ನು ಕೆಲಸವಿರಲಿ ಇಲ್ಲದಿರಲಿ ದಿನದ ಸಂಬಳದ ಮೇಲೆ ಕಾದಿರಿಸಿ. ಸಾಫ್ಟ್‌ವೇರ್ ಏನೂ ಬೇಡ, ಒಂದು ನೋಟ್‌ಪುಸ್ತಕ ಮತ್ತು ಫೋನು ಸಾಕು.

ಕೈಯಿಂದಲೇ ಮಾಡಿ ನೋಡುವುದನ್ನು ಕೀಳೆಂದು ಭಾವಿಸಬೇಡಿ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನಿಕ್ ಸ್ವಿನ್‌ಮರ್ನ್ ಜನರು ಚಪ್ಪಲಿ, ಬೂಟುಗಳನ್ನು ಇಂಟರ್‌ನೆಟ್ಟಿನಲ್ಲಿ ಕೊಳ್ಳುತ್ತಾರೆಯೇ ಎಂದು ತಿಳಿಯಲು ಗೋದಾಮು ಕಟ್ಟಲಿಲ್ಲ. ಊರಿನ ಅಂಗಡಿಗೆ ಹೋಗಿ ಬೂಟುಗಳ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದರು. ಯಾರಾದರೂ ಬೇಕೆಂದಾಗ ಅದೇ ಅಂಗಡಿಯಲ್ಲಿ ಅಂಗಡಿಯ ದರಕ್ಕೇ ಕೊಂಡು ಅಂಚೆಯಲ್ಲಿ ಕಳಿಸಿದರು. ಅದರಿಂದ ಲಾಭ ಬರುವಂತಿರಲಿಲ್ಲ, ಲಾಭಕ್ಕಾಗಿ ಮಾಡಿದ್ದೂ ಅಲ್ಲ. ಜನ ನಿಜವಾಗಿ ದುಡ್ಡು ಕೊಡುತ್ತಾರೆ ಎಂದು ತಿಳಿಯಿತು. ಝಾಪೋಸ್ ಎಂದು ಹೆಸರಾದ ಆ ಸಂಸ್ಥೆಯನ್ನು ಹತ್ತು ವರ್ಷಗಳ ನಂತರ ಅಮೆಜಾನ್ ಕೊಂಡಿತು.

ಪ್ರಯೋಗಕ್ಕೆ ಮುಂಚೆ ಒಂದು ಕೆಲಸ ಕಡ್ಡಾಯ. ಏನಾಗುತ್ತದೆ ಎಂದು ನೀವು ನಂಬಿದ್ದೀರೋ ಅದನ್ನು ಸಂಖ್ಯೆಯ ಸಮೇತ ಬರೆದು, ನೀವೂ ನಿಮ್ಮ ತಮ್ಮನೂ ಸಹಿ ಹಾಕಿ ಗೋಡೆಗೆ ಅಂಟಿಸಿ. “ಖಾತರಿ ಪಡೆದ 30 ಮನೆಗಳಲ್ಲಿ ಕನಿಷ್ಠ 20 ಮನೆಗಳು ಎರಡನೇ ಸುತ್ತಿಗೆ ನಮ್ಮನ್ನೇ ಕರೆಯುತ್ತವೆ, ಖಾತರಿಯ ಹೆಚ್ಚುವರಿ ದರ ಕೊಟ್ಟೇ ಕರೆಯುತ್ತವೆ. 12ಕ್ಕಿಂತ ಕಡಿಮೆಯಾದರೆ ಈ ದಾರಿ ಬಿಡುತ್ತೇವೆ.” ಹೀಗೆ ಬರೆದಿಡದಿದ್ದರೆ 14 ಬಂದರೂ ಗೆದ್ದೆವು ಎಂದು, 9 ಬಂದರೂ ಈ ವರ್ಷ ಫಸಲು ಕಡಿಮೆ ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಎಷ್ಟೇ ಪ್ರಾಮಾಣಿಕರಿದ್ದರೂ ಫಲಿತಾಂಶ ಬಂದ ಮೇಲೆ ಅರ್ಥ ಹೊಂದಿಸುವುದು ಮನುಷ್ಯ ಸ್ವಭಾವ. ಮೂವತ್ತು ಮನೆಗಳಲ್ಲಿ ಶೇಕಡಾವಾರು ಸೂಕ್ಷ್ಮ ಲೆಕ್ಕಕ್ಕೂ ಹೋಗಬೇಡಿ. 16 ಮತ್ತು 18ರ ನಡುವಿನ ವ್ಯತ್ಯಾಸ ಏನನ್ನೂ ಹೇಳದು, 10 ಮತ್ತು 20ರ ನಡುವಿನದು ಹೇಳುತ್ತದೆ. ಒಂದೇ ಊರಿನಲ್ಲಿ ಅರ್ಧ ಮನೆಗೆ ಖಾತರಿ ಕೊಟ್ಟು ಅರ್ಧಕ್ಕೆ ಕೊಡದೆ ಹೋಲಿಸುವ ಆಸೆಯೂ ಬರಬಹುದು. ಮದುವೆ ಮನೆಯ ಪಂಕ್ತಿಯಲ್ಲಿ ಆ ವಿಷಯ ಬಂದೇ ಬರುತ್ತದೆ, ಅವರಿಗೆ ಕೊಟ್ಟದ್ದು ನಮಗೇಕಿಲ್ಲ ಎಂದು ಕೇಳುವವರಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಹೋಲಿಕೆಗೆ ಬೇರೆ ಊರಿನ ಮೂವತ್ತು ಮನೆ ಆರಿಸಿ, ತೋಟದ ಗಾತ್ರ ಹೆಚ್ಚುಕಡಿಮೆ ಒಂದೇ ಇರುವಂತೆ ನೋಡಿಕೊಳ್ಳಿ.

ಕರಾವಳಿಗೆ ವಿಸ್ತರಿಸುವ ಸಲಹೆ. ಬೆಳವಣಿಗೆ ತೋರಿಸಲು ಘಟ್ಟ ಇಳಿಯುವುದಾದರೆ ಬೇಡ. ಆದರೆ ಕಲಿಯಲು ಇಳಿಯುವುದಾದರೆ ನನ್ನ ಬೆಂಬಲವಿದೆ, ಕಾರಣ ಇಷ್ಟೇ: ತೆಂಗಿನಕಾಯಿಯನ್ನು ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳಿಗೊಮ್ಮೆ, ವರ್ಷವಿಡೀ ಇಳಿಸುತ್ತಾರೆ. ಗ್ರಾಹಕರು ಮರಳುತ್ತಾರೆಯೇ ಎಂದು ತಿಳಿಯಲು ಅಡಿಕೆಯಲ್ಲಿ ವರ್ಷ ಹಿಡಿದರೆ ಅಲ್ಲಿ ನಾಲ್ಕು ತಿಂಗಳಲ್ಲಿ ಎರಡು ಸಲ ತಿಳಿಯುತ್ತದೆ. ಕೊಯ್ಲಿನ ಪ್ರಯೋಗ ಮುಗಿದ ಮೇಲೆ ಕುಮಟಾ ಅಥವಾ ಹೊನ್ನಾವರದ ಒಂದೇ ಒಂದು ಊರಿನಲ್ಲಿ, ಅದೂ ನೋಟ್‌ಪುಸ್ತಕದ ಪದ್ಧತಿಯಲ್ಲೇ ಶುರುಮಾಡಿ. ಅಲ್ಲಿಯ ಗ್ರಾಹಕರೇ ಬೇರೆ ಎಂಬುದು ನೆನಪಿರಲಿ. ಹತ್ತು ಹದಿನೈದು ಮರದ ಹಿತ್ತಿಲು, ಮಕ್ಕಳು ಮುಂಬೈಯಲ್ಲೋ ಬೆಂಗಳೂರಿನಲ್ಲೋ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ. ಅಲ್ಲಿ ದುಡ್ಡು ಕೊಡುವವರು ಒಬ್ಬರು, ಬಾಗಿಲು ತೆರೆಯುವವರು ಇನ್ನೊಬ್ಬರು ಆಗಿರಬಹುದು. ಶಿರಸಿಯ ಅಂಕಿಯ ಜೊತೆ ಆ ಅಂಕಿಯನ್ನು ಎಂದಿಗೂ ಕೂಡಿಸಬೇಡಿ.

ದುಡ್ಡು ನಿಲ್ಲದಿರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಮನೆಯೊಂದನ್ನು ತರಲು ಪ್ರಚಾರ, ಪ್ರಯಾಣ, ರಿಯಾಯಿತಿ ಎಂದು ನೀವು ಮಾಡುವ ಖರ್ಚು ಒಂದೇ ಬುಕಿಂಗ್‌ನ ಕಮಿಷನ್‌ನಲ್ಲಿ ಹುಟ್ಟುವುದಿಲ್ಲ. ಅದೇ ಮನೆ ವರ್ಷಕ್ಕೆ ನಾಲ್ಕು ಸಲ ಕರೆದರೆ ಹುಟ್ಟಬಹುದು. ಲೆಕ್ಕ ಹಾಕುವಾಗ ನಿಮ್ಮಿಬ್ಬರ ದುಡಿಮೆಗೂ ಸಂಬಳ ಹಿಡಿಯಿರಿ.

ಹೂಡಿಕೆದಾರರಿಗೆ ಒಂದೇ ಪುಟ ಬರೆಯಿರಿ. ಕಳೆದ ವರ್ಷ ಬಂದವರು ಇಷ್ಟು, ಉಳಿದವರು ಇಷ್ಟು, ಹೋದವರನ್ನು ಕಂಡು ಮಾತನಾಡಿದಾಗ ತಿಳಿದ ಕಾರಣ ಇವು, ಅದಕ್ಕೆ ಮಾಡಿದ ಬದಲಾವಣೆ ಇದು, ನಂತರ ಆದದ್ದು ಇದು. ಜೊತೆಗೆ ಅಡಿಕೆಯ ವರ್ಷಚಕ್ರದ ಒಂದು ಚಿತ್ರ ಹಾಕಿ, ತಿಂಗಳ ಅಂಕಿ ಏಕೆ ಅರ್ಥಹೀನ ಎಂದು ಅದೇ ಹೇಳುತ್ತದೆ. ಓದಿದ ಮೇಲೂ ಡೌನ್‌ಲೋಡ್ ಎಷ್ಟು ಎಂದು ಕೇಳುವವರ ಹಣವನ್ನು ಈಗ ತೆಗೆದುಕೊಳ್ಳಬೇಡಿ. ಆ ಹಣ ಬಂದರೆ ನೀವು ಡೌನ್‌ಲೋಡ್ ಹೆಚ್ಚಿಸುವ ಕೆಲಸಕ್ಕೇ ಬೀಳುತ್ತೀರಿ.

ಪ್ರಚಾರವನ್ನು ಇಂದಿನಿಂದ ಮುಂದಿನ ಏಪ್ರಿಲ್ ತನಕ ಪೂರ್ತಿ ನಿಲ್ಲಿಸಿ. ಕೊಯ್ಲು ಬಿರುಸಾಗುವ ಮುನ್ನ ಇಪ್ಪತ್ತು ಮನೆಯ ಮಾತುಕತೆ, ಎಂಟು ಹತ್ತು ಕೊನೆಗೌಡರ ಭೇಟಿ ಮುಗಿಯಲಿ. ಖಾತರಿಯ ಮೂವತ್ತು ಮನೆಗಳ ಲೆಕ್ಕ ಫೆಬ್ರುವರಿಯ ಹೊತ್ತಿಗೆ ಕೈಗೆ ಬರುತ್ತದೆ. ಮೇ ತಿಂಗಳಲ್ಲಿ ಮದ್ದಿನ ಬುಕಿಂಗ್ ತೆರೆಯುವಾಗ ಹೊಳವಾದ ಒಂದು ದಿನಕ್ಕೆ ನಿಮ್ಮಿಂದ ಎಷ್ಟು ತೋಟಕ್ಕೆ ಖಂಡಿತವಾಗಿ ಜನ ಕಳಿಸಲು ಸಾಧ್ಯ ಎಂದು ಎಣಿಸಿ, ಅಷ್ಟೇ ಮನೆಗಳ ಕೆಲಸ ಒಪ್ಪಿಕೊಳ್ಳಿ. ಅದು ಈ ವರ್ಷದ 310ಕ್ಕಿಂತ ಬಹಳ ಕಡಿಮೆಯಾದರೂ ಸರಿಯೇ. ಉಳಿದವರಿಗೆ ಈ ಸಲ ಆಗುವುದಿಲ್ಲ ಎಂದು ಮೊದಲೇ ಫೋನು ಮಾಡಿ ಹೇಳಿ, ಅವರು ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಸಿಗಲಿ.